ಲ್ಯಾಬಿನ ಗೋಡೆಗೆ ಸ್ಥಿರಾಂಕದ ಪಟ್ಟಿ: ಎಷ್ಟು ಅಂಕಿವರೆಗೆ ಬರೆಸೋದು, ಯಾವ ಸೂತ್ರ ಇಡೋದು?

ಮಾಳಮಡ್ಡಿ ಮಾಸ್ತರ
ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ಹೈಸ್ಕೂಲು, ಪಿಯುಸಿ ಎರಡೂ ಇರೋ ಸಾಲಿಯ ಫಿಜಿಕ್ಸ್ ಲ್ಯಾಬಿಗೆ ಹೊಸಾ ಪಟ್ಟಿ ಬರೆಸೋದದ. ಹಳೇ ಪಟ್ಟಿಯಾಗ ಸಣ್ಣ ಜಿ (ಗುರುತ್ವದ ವೇಗೋತ್ಕರ್ಷ) 9.8, ಬೆಳಕಿನ ವೇಗ 3×10⁸, ಪ್ಲಾಂಕ್ 6.6×10⁻³⁴ ಅಂತ ಬರೆದು, ಕೆಳಗ ಎಪ್ಪತ್ತು ಸೂತ್ರ ತುಂಬ್ಯಾರ. ಅರ್ಧಕ್ಕರ್ಧ ಏಕಮಾನನ ಇಲ್ಲ.

ಮೂರು ಪ್ರಶ್ನೆ. ಸಣ್ಣ ಜಿ 9.8 ಬರೆಸೋದೋ, 9.81ಓ, 10ಓ? ಉಳಿದ ಸ್ಥಿರಾಂಕ ಎಷ್ಟು ಅಂಕಿವರೆಗೆ? ಸೂತ್ರ ಎಲ್ಲಾ ಬೇಕೋ, ಆರಿಸಿ ಹಾಕೋದೋ? ಜಾಗ ಆರಡಿ ಉದ್ದ, ನಾಕಡಿ ಎತ್ತರ ಅಷ್ಟ ಅದ. ಪೇಂಟರ್ ಸೋಮವಾರ ಬರ್ತಾನ.

ಉಣಕಲ್ ದಂಡಿ
ಮಾಸ್ತರ್ರ, ಅಂಕಿ ಎಣಿಸೋಕ್ಕಿಂತ ಮೊದಲು ಪಟ್ಟಿಯನ್ನ ಮೂರು ಕಾಲಂ ಮಾಡಿ. ಎಲ್ಲಾ ಸ್ಥಿರಾಂಕಗಳೂ ಒಂದೇ ಜಾತಿಯವಲ್ಲ. ಒಂದೇ ಸಾಲಿನಲ್ಲಿ ಬರೆದರೆ ಮಕ್ಕಳಿಗೆ ಆ ವ್ಯತ್ಯಾಸ ಯಾವತ್ತೂ ತಿಳಿಯೋದಿಲ್ಲ.

ಮೊದಲನೇದು, ವ್ಯಾಖ್ಯೆಯಿಂದಲೇ ನಿಖರವಾದವು. 2019ರ ಮೇ 20ರಿಂದ ಏಕಮಾನಗಳನ್ನೇ ಇವುಗಳ ಮೇಲೆ ಕಟ್ಟಿದ್ದಾರೆ, ಹಾಗಾಗಿ ಇವುಗಳಲ್ಲಿ ಅಳತೆಯ ದೋಷ ಅನ್ನೋದೇ ಇಲ್ಲ.
ಬೆಳಕಿನ ವೇಗ 299792458 ಮೀ/ಸೆ (ಇದು 1983ರಿಂದಲೇ ನಿಗದಿ)
ಪ್ಲಾಂಕ್ ಸ್ಥಿರಾಂಕ 6.62607015×10⁻³⁴ ಜೂಲ್·ಸೆಕೆಂಡ್
ಮೂಲ ವಿದ್ಯುದಂಶ 1.602176634×10⁻¹⁹ ಕೂಲಂಬ್
ಬೋಲ್ಟ್ಸ್‌ಮನ್ 1.380649×10⁻²³ ಜೂಲ್/ಕೆಲ್ವಿನ್
ಅವೊಗಾಡ್ರೊ 6.02214076×10²³ ಪ್ರತಿ ಮೋಲಿಗೆ

ಎರಡನೇದು, ಅಳೆದು ತಿಳಿದುಕೊಂಡವು: ದೊಡ್ಡ ಜಿ (ಗುರುತ್ವದ ಸ್ಥಿರಾಂಕ) 6.674×10⁻¹¹ ನ್ಯೂಟನ್·ಮೀ²/ಕೆಜಿ², ಇಲೆಕ್ಟ್ರಾನ್ ದ್ರವ್ಯರಾಶಿ 9.109×10⁻³¹ ಕೆಜಿ, ಪ್ರೋಟಾನ್ 1.673×10⁻²⁷ ಕೆಜಿ, ಎಪ್ಸಿಲಾನ್ ನಾಟ್ (ನಿರ್ವಾತದ ವಿದ್ಯುತ್ ಸ್ಥಿರಾಂಕ) 8.854×10⁻¹² ಫ್ಯಾರಡ್/ಮೀ.

ಮೂರನೇದು, ಊರಿಂದ ಊರಿಗೆ ಬದಲಾಗೋವು: ಸಣ್ಣ ಜಿ, ವಾಯುಭಾರ, ನೀರು ಕುದಿಯೋ ತಾಪ, ಗಾಳಿಯ ಸಾಂದ್ರತೆ, ಶಬ್ದದ ವೇಗ. ಈ ಕಾಲಂನಲ್ಲಿ ಧಾರವಾಡದ ಬೆಲೆಯನ್ನೇ ಬರೆಯಿರಿ. ಯಾವ ಪುಸ್ತಕದಲ್ಲೂ ಅದು ಸಿಗೋದಿಲ್ಲ.

ಸಪ್ತಾಪುರ ಟ್ಯೂಷನ್
ಒಂಬತ್ತು ಅಂಕಿ ಯಾರಿಗೆ ಬೇಕ್ರೀ? ಸಿಇಟಿಯೊಳಗ 60 ಪ್ರಶ್ನೆ, 80 ನಿಮಿಷ, ಕ್ಯಾಲ್ಕ್ಯುಲೇಟರ್ ಇಲ್ಲ. 3×10⁸, 6.6×10⁻³⁴, 1.6×10⁻¹⁹. ಮುಗೀತು. ಹುಡುಗುರಿಗೆ ಹೊರೆ ಮಾಡಬ್ಯಾಡ್ರಿ.

ವಿದ್ಯಾನಗರ ಫಿಜಿಕ್ಸ್
ಗೋಡೆ ಮೇಲೆ ಪೂರ್ತಿ ಬೆಲೆ ಇರಲಿ, ಲೆಕ್ಕಕ್ಕೆ ಮೂರು ಅಂಕಿ ತಗೊಳ್ಳಲಿ. ಆದರೆ ಮೊಟಕು ಮಾಡಿದ್ದಕ್ಕೆ ಎಷ್ಟು ತಪ್ಪು ಬರುತ್ತೆ ಅನ್ನೋದು ಗೊತ್ತಿರಬೇಕು. 3×10⁸ ತಗೊಂಡರೆ ತಪ್ಪು ಶೇ. 0.07 ಮಾತ್ರ, ಚಿಂತೆ ಇಲ್ಲ. ಪ್ಲಾಂಕ್ 6.63 ಅಂದರೆ ಶೇ. 0.06. ಅದನ್ನೇ 6.6 ಅಂದರೆ ಶೇ. 0.4 ಆಗುತ್ತೆ, ಆರೇಳು ಪಟ್ಟು ಜಾಸ್ತಿ. ಹಾಗಾಗಿ 6.6 ಅನ್ನೋದನ್ನ ಬಿಟ್ಟುಬಿಡಿ, 6.63 ಇರಲಿ.

ಟ್ಯೂಷನ್ ಸರ್ ಹೇಳೋ ವೇಗ ಬೇಕು ಅಂದರೆ ಅದಕ್ಕೆ ಬೇರೆ ದಾರಿ ಇದೆ. ಪ್ಲಾಂಕ್ ಸ್ಥಿರಾಂಕವನ್ನ ಬೆಳಕಿನ ವೇಗದಿಂದ ಗುಣಿಸಿದ್ದು 1240 ಇಲೆಕ್ಟ್ರಾನ್‌ವೋಲ್ಟ್·ನ್ಯಾನೊಮೀಟರ್ (ನಿಖರವಾಗಿ 1239.84). ತರಂಗದೂರ 400 ನ್ಯಾನೊಮೀಟರ್ ಕೊಟ್ಟರೆ 1240ನ್ನ 400ರಿಂದ ಭಾಗಿಸಿ, 3.1 ಇಲೆಕ್ಟ್ರಾನ್‌ವೋಲ್ಟ್. ಹತ್ತರ ಘಾತ ಮುಟ್ಟೋದೇ ಬೇಡ. ಫೋಟೊ ಇಲೆಕ್ಟ್ರಿಕ್ ಲೆಕ್ಕದಲ್ಲಿ ಮಕ್ಕಳು ಮಾರ್ಕ್ಸ್ ಕಳ್ಕೊಳ್ಳೋದು ತಿಳಿವಳಿಕೆ ಇಲ್ಲದ್ದಕ್ಕಲ್ಲ. −34, +8, −9, −19 ಇವನ್ನ ಕೂಡಿಸಿ ಕಳೆಯೋದರಲ್ಲಿ ಕಳ್ಕೊಳ್ತಾರೆ.

ಸಪ್ತಾಪುರ ಟ್ಯೂಷನ್
1240 ಪಟ್ಟಿಗೆ ಹಾಕ್ರಿ, ಅದಕ್ಕ ನನ್ನ ಒಪ್ಪಿಗಿ ಅದ. ಅದರ ಬಾಜೂಕ 931.5ನೂ ಇರಲಿ: ಒಂದು ಪರಮಾಣು ದ್ರವ್ಯರಾಶಿ ಏಕಮಾನಕ್ಕ 931.5 ಮೆಗಾ ಇಲೆಕ್ಟ್ರಾನ್‌ವೋಲ್ಟ್. ಬಂಧನ ಶಕ್ತಿಯ ಲೆಕ್ಕ ಎರಡು ಸಾಲಿನಾಗ ಮುಗೀತೈತಿ.

ಹಾನಗಲ್ ಪಿಯು
ಸರ್, ಧಾರವಾಡದ ಸಣ್ಣ ಜಿ ಬೇರೆ ಅಂದ್ರ ಎಷ್ಟು? 9.8 ಅಲ್ಲೇನು?

ಉಣಕಲ್ ದಂಡಿ
9.78, ತಮ್ಮಾ. ಲೆಕ್ಕ ಮಾಡಿ ತೋರಿಸ್ತೀನಿ. ಧಾರವಾಡದ ಅಕ್ಷಾಂಶ ಸುಮಾರು 15.5 ಡಿಗ್ರಿ. ಸಮುದ್ರ ಮಟ್ಟದಲ್ಲಿ ಸಣ್ಣ ಜಿ = 9.7803 × (1 + 0.0053 × ಅಕ್ಷಾಂಶದ ಸೈನ್ ವರ್ಗ). ಸೈನ್ 0.267, ವರ್ಗ 0.071. ಅಲ್ಲಿಗೆ 9.784 ಆಯ್ತು. ಎತ್ತರ ಸುಮಾರು 700 ಮೀಟರ್, ಪ್ರತಿ ಮೀಟರಿಗೆ 0.0000031 ಕಡಿಮೆ, ಅಂದರೆ 0.002 ಕಳೀಬೇಕು. ಕಾಲ ಕೆಳಗಿನ ಬಂಡೆಯ ಎಳೆತ ಒಂದಿಷ್ಟು ವಾಪಸ್ ಕೊಡುತ್ತೆ. ಉಳಿದದ್ದು 9.782ರಿಂದ 9.783. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲಾ ಕಡೆ ಎರಡು ದಶಮಾಂಶಕ್ಕೆ 9.78 ಅಂತಲೇ ಬರುತ್ತೆ.

9.81 ಅನ್ನೋದು 50 ಡಿಗ್ರಿ ಅಕ್ಷಾಂಶದ ಸುತ್ತಿನ ಯುರೋಪಿನ ಬೆಲೆ. 9.80665 ಅನ್ನೋದು 1901ರಲ್ಲಿ ಒಪ್ಪಿಕೊಂಡ ಪ್ರಮಾಣಬೆಲೆ, ಯಾವುದೇ ಒಂದು ಊರಿನದಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯೊಳಗೆ ಕೊಟ್ಟ ಬೆಲೆಯನ್ನೇ ತಗೋ. ಲ್ಯಾಬಿನಲ್ಲಿ 9.78ಕ್ಕೆ ಹೋಲಿಸು.

ಲಕ್ಷ್ಮೇಶ್ವರ
ದೊಡ್ಡ ಜಿ, ಭೂಮಿಯ ದ್ರವ್ಯರಾಶಿ 5.972×10²⁴, ತ್ರಿಜ್ಯ 6.371×10⁶ ಹಾಕಿದ್ರ 9.82 ಬರ್ತೈತಿ. ನೀವು 9.78 ಅಂತೀರಿ. ಉಳಿದ 0.04 ಎಲ್ಲಿ ಹೋತು?

ಉಣಕಲ್ ದಂಡಿ
ಒಳ್ಳೇ ಪ್ರಶ್ನೆ. ಆ ಸೂತ್ರ ತಿರುಗದ ಗುಂಡನೆ ಭೂಮಿಗೆ ಮಾತ್ರ. ನಮ್ಮ ಅಕ್ಷಾಂಶದಲ್ಲಿ ಭೂಮಿ ತಿರುಗೋದರಿಂದಲೇ 0.03ರಷ್ಟು ಕಡಿಮೆ ಆಗುತ್ತೆ. ಉಳಿದದ್ದು ಸಮಭಾಜಕದ ಕಡೆ ಭೂಮಿ ಉಬ್ಬಿರೋದು ಮತ್ತು ನಮ್ಮ ಎತ್ತರ.

ದೊಡ್ಡ ಜಿ ವಿಷಯ ಬಂತಲ್ಲ, ಇದನ್ನೂ ಸೇರಿಸ್ತೀನಿ. ಪಟ್ಟಿಯಲ್ಲಿ ಅದರ ಮುಂದೆ ನಾಲ್ಕು ಅಂಕಿಗಿಂತ ಜಾಸ್ತಿ ಬೇಡ. 1798ರಲ್ಲಿ ಕ್ಯಾವೆಂಡಿಶ್ ತಿರುಚು ತಕ್ಕಡಿಯಿಂದ ಅಳತೆ ಮಾಡಿದಾಗಿನಿಂದ ಇವತ್ತಿನವರೆಗೂ ಪಠ್ಯದ ಸ್ಥಿರಾಂಕಗಳಲ್ಲಿ ಎಲ್ಲಕ್ಕಿಂತ ಕಡಿಮೆ ನಿಖರತೆ ಇರೋದು ಇದಕ್ಕೇ. ಈಗಿನ ಶಿಫಾರಸು ಬೆಲೆ 6.67430, ಕೊನೆಯ ಎರಡು ಅಂಕಿಗಳಲ್ಲಿ 15ರಷ್ಟು ಅನುಮಾನ. ಗುರುತ್ವ ಅಷ್ಟು ದುರ್ಬಲ, ಅದನ್ನ ಯಾವ ತಡೆ ಹಾಕಿಯೂ ಮರೆಮಾಡೋಕೆ ಆಗೋದಿಲ್ಲ. ದೊಡ್ಡ ಜಿ ಮತ್ತು ಭೂಮಿಯ ದ್ರವ್ಯರಾಶಿಯ ಗುಣಲಬ್ಧ ಮಾತ್ರ ಉಪಗ್ರಹಗಳ ಕಕ್ಷೆಯಿಂದ ಬಹಳ ನಿಖರವಾಗಿ ಗೊತ್ತು, 3.986004×10¹⁴. ಬೇರೆ ಬೇರೆಯಾಗಿ ಹೇಳೋಕೆ ಹೋದಾಗಲೇ ಅಂಕಿ ಕಳ್ಕೊಳ್ಳೋದು.

ಮಾಳಮಡ್ಡಿ ಮಾಸ್ತರ
9.78 ಗೋಡೆಗೆ ಬರೆಸ್ತೇನಿ. ಆದ್ರ ಲೋಲಕದ ಪ್ರಯೋಗದಾಗ ಹುಡುಗುರಿಗೆ 9.6 ಬರ್ತದ, 10.8 ಬರ್ತದ, ಒಬ್ಬರಿಗೆ 39 ಬರ್ತದ. ಪುಸ್ತಕ ನೋಡಿ 9.8ಕ್ಕ ತಿದ್ದಿ ಬರೀತಾರ. ಇದಕ್ಕ ಏನ್ ಮಾಡೋದ್ರಿ?

ಲ್ಯಾಬ್ ಕೋಣಿ
ಮಾಸ್ತರ್ರ, ಆ ತಪ್ಪು ಬೆಲೀನ ಹೇಳತೈತಿ ಹುಡುಗ ಎಲ್ಲಿ ಎಡವ್ಯಾನ ಅಂತ. ತಿದ್ದಾಕ ಬಿಡಬ್ಯಾಡ್ರಿ, ಬೆಲಿ ನೋಡಿ ರೋಗ ಹಿಡೀರಿ.

10.8 ಬಂದ್ರ: ಎಣಿಕಿ ತಪ್ಪೈತಿ. ಸ್ಟಾಪ್‌ವಾಚ್ ಒತ್ತುವಾಗ "ಒಂದು" ಅಂದಾನ. "ಇಪ್ಪತ್ತು" ಅನ್ನೋ ಹೊತ್ತಿಗೆ ಹತ್ತೊಂಬತ್ತ ಆಂದೋಲನ ಆಗಿರ್ತಾವ, ಭಾಗಿಸೋದು ಇಪ್ಪತ್ತರಿಂದ. 9.78ನ್ನ 20/19ರ ವರ್ಗದಿಂದ ಗುಣಿಸ್ರಿ, 10.84 ಬರತೈತಿ. ಒತ್ತುವಾಗ "ಸೊನ್ನಿ" ಅನ್ನಬೇಕು.

39 ಬಂದ್ರ: ಒಂದು ಕಡಿಂದ ಇನ್ನೊಂದು ಕಡಿಗೆ ಹೋಗಿದ್ದನ್ನ ಪೂರ್ತಿ ಆಂದೋಲನ ಅಂತ ಹಿಡದಾನ. ಅವಧಿ ಅರ್ಧ, ಜಿ ನಾಲ್ಕು ಪಟ್ಟು.

978 ಬಂದ್ರ: ಸೆಂಟಿಮೀಟರಿನಾಗ ಉಳದಾನ.

9.68 ಬಂದ್ರ: ಗುಂಡಿನ ತ್ರಿಜ್ಯ ಕೂಡಿಸಿಲ್ಲ. ಗುಂಡು 2 ಸೆಂಮೀ ವ್ಯಾಸದ್ದು, ಉದ್ದ ಮೀಟರ್ ಇದ್ರ, 1 ಸೆಂಮೀ ಬಿಟ್ಟಿದ್ದಕ್ಕ ಶೇ. 1 ಹೋತು.

9.63 ಬಂದ್ರ: ಗುಂಡನ್ನ 20 ಡಿಗ್ರಿತನಕ ಎಳೆದು ಬಿಟ್ಟಾನ. ಸಣ್ಣ ಕೋನಕ್ಕ ಮಾತ್ರ ಆ ಸೂತ್ರ. 10 ಡಿಗ್ರಿಗೆ ಜಿ ಒಳಗ ಶೇ. 0.4 ತಪ್ಪು, 20ಕ್ಕ ಶೇ. 1.5. ಮೀಟರ್ ಉದ್ದದ ದಾರಕ್ಕ 7-8 ಸೆಂಮೀ ಎಳದ್ರ ಸಾಕು, ಅದು ಐದು ಡಿಗ್ರಿ ಒಳಗ ಇರತೈತಿ.

ದಾರದ ಗಂಟು ಕಾರ್ಕಿನ ಸೀಳಿನ ಕೆಳತುದೀಗೆ ಬಿಗಿಯಾಗಿ ಹಿಡಿದಿರಬೇಕು. ಅಲ್ಲಿಂದ ಗುಂಡಿನ ನಡಾತನಕ ಉದ್ದ. ಸೀಳು ಸಡಿಲ ಇದ್ರ ತೂಗೋ ಬಿಂದುನ ಮ್ಯಾಲ ಕೆಳಗ ಆಡತೈತಿ. ಸ್ಟಾಪ್‌ವಾಚ್ ಒತ್ತೋದು ಗುಂಡು ಮಧ್ಯದ ಗೆರಿ ದಾಟುವಾಗ, ತುದಿಯೊಳಗ ಅಲ್ಲ. ತುದಿಯೊಳಗ ಗುಂಡು ನಿಧಾನ ಆಗಿ ನಿಂತಂಗ ಇರತೈತಿ, ಯಾವಾಗ ತಿರುಗ್ತು ಅಂತ ಕಣ್ಣಿಗೆ ಹತ್ತಂಗಿಲ್ಲ. ಬೆಂಚಿನ ಮ್ಯಾಲ ಸೀಮೆಸುಣ್ಣದ ಗೆರಿ ಹಾಕಿಸ್ರಿ.

ವಿದ್ಯಾನಗರ ಫಿಜಿಕ್ಸ್
ಲ್ಯಾಬ್ ಕೋಣಿ ಅಣ್ಣಾರು ಬರೆದದ್ದನ್ನೇ ಒಂದು ಕಾರ್ಡ್ ಮಾಡಿ ಲೋಲಕದ ಪಕ್ಕ ನೇತು ಹಾಕಿ. ಇದಕ್ಕೆ ಗ್ರಾಫ್ ಸೇರಿಸ್ತೀನಿ. ಉದ್ದವನ್ನ 60, 70, 80, 90, 100 ಸೆಂಮೀ ಇಟ್ಟು, ಅಡ್ಡ ಅಕ್ಷಕ್ಕೆ ದಾರದ ಉದ್ದ, ನಿಂತ ಅಕ್ಷಕ್ಕೆ ಅವಧಿಯ ವರ್ಗ ಹಾಕಿ. ಸ್ಲೋಪ್ 4.04 ಸೆ²/ಮೀ ಬರಬೇಕು. 4×ಪೈ² ಅನ್ನ ಸ್ಲೋಪಿನಿಂದ ಭಾಗಿಸಿದರೆ ಜಿ.

ಇದರ ಲಾಭ ಏನು ಅಂದರೆ, ತ್ರಿಜ್ಯ ಕೂಡಿಸೋದು ಮರೆತರೂ ಎಲ್ಲಾ ಬಿಂದುಗಳೂ ಒಂದೇ ಸಮ ಪಕ್ಕಕ್ಕೆ ಜರಗುತ್ತವೆ. ಗೆರೆ ಮೂಲಬಿಂದು ಬಿಟ್ಟು ಹೋಗುತ್ತೆ, ಸ್ಲೋಪ್ ಬದಲಾಗೋದಿಲ್ಲ, ಜಿ ಸರಿಯಾಗೇ ಬರುತ್ತೆ. ಗೆರೆಯನ್ನ ಬಲವಂತವಾಗಿ ಮೂಲಬಿಂದುವಿಗೆ ಎಳೆಸಬೇಡಿ. ಎಳೆಸಿದರೆ ಈ ಲಾಭವೇ ಹೋಯ್ತು.

ಇನ್ನೊಂದು ಮಾತು. ಮೀಟರ್ ಉದ್ದಕ್ಕೆ 20 ಆಂದೋಲನ ನಮ್ಮಲ್ಲಿ 40.18 ಸೆಕೆಂಡ್. ಜಿ 9.8 ಇರೋ ಕಡೆ 40.14. ಬೆರಳು ಒತ್ತೋದರಲ್ಲೇ 0.2 ಸೆಕೆಂಡ್ ಹೆಚ್ಚುಕಮ್ಮಿ ಆಗುತ್ತೆ. ಅಂದರೆ 9.78 ಮತ್ತು 9.80ರ ನಡುವಿನ ವ್ಯತ್ಯಾಸವನ್ನ ಈ ಪ್ರಯೋಗ ಹಿಡಿಯಲಾರದು. ಉತ್ತರವನ್ನ 9.7834 ಅಂತ ನಾಲ್ಕು ದಶಮಾಂಶ ಬರೆಯೋ ಹುಡುಗನಿಗೂ, 9.8ಕ್ಕೆ ತಿದ್ದೋ ಹುಡುಗನಿಗೂ ಇದನ್ನೇ ಹೇಳಬೇಕು. 9.7 ಬಂದರೂ 9.9 ಬಂದರೂ ಈ ಸಲಕರಣೆಗೆ ಅದು ಒಳ್ಳೇ ಫಲಿತಾಂಶ.

ಲಕ್ಷ್ಮೇಶ್ವರ
ಹಂಗಾದ್ರ ಜಿ ಊರಿಗೊಂದು ಅಂತ ಲೋಲಕದಿಂದ ಕಂಡುಹಿಡಿಯಾಕ ಆಗಂಗಿಲ್ಲ ಅಂದಂಗ ಆತಲ್ಲ.

ಉಣಕಲ್ ದಂಡಿ
ಆಗುತ್ತೆ, ಹೊತ್ತು ಜಾಸ್ತಿ ಬೇಕು. 1672ರಲ್ಲಿ ಫ್ರಾನ್ಸಿನ ಜಾನ್ ರಿಷೆ ಪ್ಯಾರಿಸ್ಸಿನಲ್ಲಿ ಸರಿಮಾಡಿದ ಲೋಲಕದ ಗಡಿಯಾರವನ್ನ ಸಮಭಾಜಕದ ಹತ್ತಿರದ ಕಯೆನ್‌ಗೆ ಒಯ್ದ. ಅಲ್ಲಿ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಸರಿಮಾಡೋಕೆ ಲೋಲಕವನ್ನ 3 ಮಿಲಿಮೀಟರಿಗಿಂತ ತುಸು ಕಡಿಮೆ ಮೊಟಕು ಮಾಡಬೇಕಾಯ್ತು. ಭೂಮಿ ಸಮಭಾಜಕದಲ್ಲಿ ಉಬ್ಬಿದೆ ಅಂತ ನ್ಯೂಟನ್ ವಾದ ಮಾಡುವಾಗ ಈ ಅಳತೆಯೂ ಕೈಯಲ್ಲಿತ್ತು. ಇಪ್ಪತ್ತು ಆಂದೋಲನದಲ್ಲಿ ಕಾಣದ್ದು ಒಂದು ದಿನದ ನಲವತ್ತಮೂರು ಸಾವಿರ ಆಂದೋಲನದಲ್ಲಿ ಕಾಣುತ್ತೆ.

ಬ್ಯಾಡಗಿ
ಜಿ ಊರಿಗೊಂದು ಅನ್ನೋದು ಮೆಣಸಿನಕಾಯಿ ತೂಕಕ್ಕ ತಾಗತೈತೇನ್ರಿ? ಇಲೆಕ್ಟ್ರಾನಿಕ್ ಕಾಟಾ ಎಲ್ಲೋ ದೂರದ ಫ್ಯಾಕ್ಟರಿಯೊಳಗ ಮಾಡಿದ್ದಿರತೈತಿ.

ಲ್ಯಾಬ್ ಕೋಣಿ
ತಾಗತೈತಿ. ಹಳೇ ಎರಡು ತಟ್ಟಿ ತಕ್ಕಡಿಗೆ ತಾಗಂಗಿಲ್ಲ, ಯಾಕಂದ್ರ ಎರಡೂ ಕಡಿಗೆ ಜಿ ಒಂದ. ಸ್ಪ್ರಿಂಗ್ ತಕ್ಕಡಿ, ಲೋಡ್‌ಸೆಲ್ ಕಾಟಾ ಇವು ಬಲ ಅಳೆದು ಕೆಜಿ ತೋರಸ್ತಾವ. 9.8067ಕ್ಕ ಹೊಂದಿಸಿದ ಕಾಟಾವನ್ನ ಹಂಗ ತಂದು ಇಲ್ಲಿ ಇಟ್ರ, ಕ್ವಿಂಟಲ್‌ಗೆ ಸುಮಾರು 240 ಗ್ರಾಂ ಕಡಿಮಿ ತೋರಸತೈತಿ. ಅದಕ್ಕ ಕಾಟಾ ಇಟ್ಟ ಜಾಗದಾಗ ಪ್ರಮಾಣಿತ ತೂಕದ ಕಲ್ಲು ಇಟ್ಟು ಹೊಂದಿಸಿ ಮುದ್ರಿ ಹಾಕ್ತಾರ. ಹಂಗ ಮಾಡಿದ್ರ ದೋಷ ಇಲ್ಲ. ದ್ರವ್ಯರಾಶಿ, ತೂಕ ಎರಡರ ವ್ಯತ್ಯಾಸ ಒಂಬತ್ತನೇ ಕ್ಲಾಸಿಗೆ ಹೇಳಾಕ ಇದಕ್ಕಿಂತ ಛಲೋ ಉದಾಹರಣಿ ಬ್ಯಾಡ.

ಬ್ಯಾಡಗಿ
ಇದನ್ನ ಪಟ್ಟಿ ಕೆಳಗ ಸಣ್ಣ ಅಕ್ಷರದಾಗ ಬರೆಸ್ರಿ ಮಾಸ್ತರ್ರ.

ಮಾಳಮಡ್ಡಿ ಮಾಸ್ತರ
ಮೂರನೇ ಕಾಲಮ್ಮಿನ ಉಳಿದ ಬೆಲಿ ಹೇಳ್ರಲ್ಲ. ವಾಯುಭಾರ 76 ಸೆಂಮೀ ಪಾದರಸ ಅಂತ ಪುಸ್ತಕ, ಲ್ಯಾಬಿನ ಬ್ಯಾರೋಮೀಟರ್ 70ರ ಹತ್ತಿರ. ಕೆಟ್ಟದ ಅಂತ ಅದನ್ನ ಕಪಾಟಿನಾಗ ಇಟ್ಟಾರ.

ಲ್ಯಾಬ್ ಕೋಣಿ
ಹೊರಗ ತಗೀರಿ! ಅದು ಸರಿ ಐತಿ. 700 ಮೀಟರ್ ಎತ್ತರಕ್ಕ 70 ಸೆಂಮೀನ ಬರಬೇಕು. ನೀರು ಕುದಿಯೋದೂ 100ಕ್ಕಲ್ಲ, 97.7ರ ಆಸುಪಾಸು. ಥರ್ಮಾಮೀಟರ್ 98ಕ್ಕ ನಿಂತ್ರ ಅದನ್ನೂ ಕೆಟ್ಟದ ಅನ್ನಬ್ಯಾಡ್ರಿ.

ಇದು ಎಲ್ಲಿ ತಾಗತೈತಿ ಅಂದ್ರ, ಹಬಿಯೊಳಗ ಕಾಸಿದ ಲೋಹದ ತುಂಡನ್ನ ನೀರಿಗೆ ಹಾಕಿ ವಿಶಿಷ್ಟ ಉಷ್ಣ ತಗಿಯೋ ಪ್ರಯೋಗದಾಗ. ಕೊನೀಗೆ 35 ಡಿಗ್ರಿ ಬಂತು ಅನ್ರಿ. ಲೋಹ ಇಳಿದದ್ದು 62.7 ಡಿಗ್ರಿ, ಹುಡುಗ 100ರಿಂದ ಕಳೆದು 65 ಬರೀತಾನ. ಉತ್ತರ ಶೇ. 3.5 ಕಡಿಮಿ. ಥರ್ಮಾಮೀಟರ್ ಓದಿದ್ದನ್ನ ಬರೀಬೇಕು. ಹಬಿಯ ಗುಪ್ತೋಷ್ಣದ ಪ್ರಯೋಗಕ್ಕ ಇದು ಶೇ. 0.4 ಅಷ್ಟ. ಅಲ್ಲಿ ದೊಡ್ಡ ಕಳ್ಳ ಅಂದ್ರ ಹಬಿ ಜೋಡಿ ಕೊಳವಿಯೊಳಗಿಂದ ಬರೋ ನೀರಿನ ಹನಿ. ಹನಿಗೆ ಗುಪ್ತೋಷ್ಣ ಇಲ್ಲ, ತೂಕಕ್ಕ ಮಾತ್ರ ಸೇರತೈತಿ, ಉತ್ತರ 2.26×10⁶ಕ್ಕಿಂತ ಭಾಳ ಕೆಳಗ ಬೀಳತೈತಿ. ನಡಕ ಹನಿ ಹಿಡಿಯೋ ಟ್ರ್ಯಾಪ್ ಇಡ್ರಿ.

ಗದಗ ಗಾಳಿ
ಗಾಳಿಯ ಸಾಂದ್ರತೆನೂ ಬರೆಸ್ರಿ. ಪುಸ್ತಕದ 1.29 ಕೆಜಿ/ಮೀ³ ಸೊನ್ನಿ ಡಿಗ್ರಿ, ಸಮುದ್ರ ಮಟ್ಟದ್ದು. ಗದಗದಾಗ 30 ಡಿಗ್ರಿಗೆ 1.08. ಕಪ್ಪತಗುಡ್ಡದ ಗಾಳಿಯಂತ್ರದ ಲೆಕ್ಕ ಕೊಟ್ಟಾಗ, ½ × ಸಾಂದ್ರತೆ × ವಿಸ್ತೀರ್ಣ × ವೇಗದ ಘನ, ಇದಕ್ಕ 1.29 ಹಾಕಿದ್ರ ಸುಮಾರು ಶೇ. 20 ಜಾಸ್ತಿ ಬರತೈತಿ. ಗುಡ್ಡದ ಮ್ಯಾಲ ಇನ್ನೂ ತೆಳು. ಸಾಂದ್ರತೆ ಕಡಿಮಿ ಅಂದ ಮ್ಯಾಲ ಶಬ್ದದ ವೇಗನೂ ನಮ್ಮ ಕಡೆ ಬ್ಯಾರೇನ ಇರಬೇಕು.

ವಿದ್ಯಾನಗರ ಫಿಜಿಕ್ಸ್
ಗಾಳಿ ಅಣ್ಣಾ, ಕೊನೇ ವಾಕ್ಯ ಮಾತ್ರ ಒಪ್ಪೋದಿಲ್ಲ. ಶಬ್ದದ ವೇಗ = √(ಗಾಮಾ × ಒತ್ತಡ ÷ ಸಾಂದ್ರತೆ). ಗಾಮಾ ಅಂದರೆ ಗಾಳಿಯ ಎರಡು ವಿಶಿಷ್ಟ ಉಷ್ಣಗಳ ಅನುಪಾತ, 1.4. ಎತ್ತರಕ್ಕೆ ಹೋದಾಗ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯುತ್ತೆ, ಎರಡೂ ಹೊಡೆದು ಹೋಗ್ತವೆ. ಉಳಿಯೋದು ತಾಪ ಒಂದೇ. ಸೊನ್ನೆ ಡಿಗ್ರಿಗೆ 331, ಪ್ರತಿ ಡಿಗ್ರಿಗೆ 0.6 ಸೇರಿಸಿ. 30 ಡಿಗ್ರಿಗೆ ಮುಂಬೈಯಲ್ಲೂ 349, ಹುಬ್ಬಳ್ಳಿಯಲ್ಲೂ 349. ಪಟ್ಟಿಯಲ್ಲಿ ಇದನ್ನ ಊರಿನ ಕಾಲಂನಿಂದ ತೆಗೆದು ತಾಪದ ಜೊತೆ ಬರೆಯಿರಿ.

ಗಾಮಾ ಯಾಕೆ ಬಂತು ಅನ್ನೋದೂ ಮುಖ್ಯ. ನ್ಯೂಟನ್ ತಾಪ ಬದಲಾಗೋದಿಲ್ಲ ಅಂತ ಹಿಡಿದದ್ದರಿಂದ 280 ಬಂತು. ಶಬ್ದದ ಒತ್ತಡ ಅಷ್ಟು ಬೇಗ ಏರಿಳಿಯುವಾಗ ಉಷ್ಣ ಆಚೀಚೆ ಹರಿಯೋಕೆ ಹೊತ್ತಿಲ್ಲ ಅಂತ ಲಾಪ್ಲಾಸ್ 1.4 ಸೇರಿಸಿದ ಮೇಲೆ 331 ಆಯ್ತು.

ಹಾನಗಲ್ ಪಿಯು
ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮಿನ ಒಂದು ತುದಿಗೆ ಸೀಟಿ ಊದಿದ್ರ ಇನ್ನೊಂದು ತುದಿಗೆ 4.3 ಸೆಕೆಂಡ್ ಆಗತೈತಿ. ಬೆಳಕಿಗೆ 5 ಮೈಕ್ರೊಸೆಕೆಂಡ್. ಸರಿ ಐತೇನ್ರಿ?

ವಿದ್ಯಾನಗರ ಫಿಜಿಕ್ಸ್
ಸರಿ ಇದೆ ತಮ್ಮಾ. 30 ಡಿಗ್ರಿಗೆ ಅಂತ ಸೇರಿಸು.

ಸಪ್ತಾಪುರ ಟ್ಯೂಷನ್
ಸೂತ್ರಕ್ಕ ಬರ್ರಿ. ಒಂದು ಪ್ರಶ್ನೆಗೆ 80 ಸೆಕೆಂಡ್. ಅಷ್ಟರಾಗ ಹುಡುಗ ಸೂತ್ರ ಸಾಧಿಸಿಕೋತ ಕೂಡಾಕ ಆಗಂಗಿಲ್ಲ. ಎಪ್ಪತ್ತೂ ಬಾಯಿಪಾಠ ಇರಬೇಕು.

ಲಕ್ಷ್ಮೇಶ್ವರ
ಬಾಯಿಪಾಠ ಮಾಡಿದ್ದರಿಂದನ ಅಲ್ಲೇನ್ರಿ ಹುಡುಗುರು ಎಲ್ಲೆಂದರಲ್ಲಿ ಹಾಕೋದು? ಸಮ ವೇಗೋತ್ಕರ್ಷದ ಸೂತ್ರನ ಸ್ಪ್ರಿಂಗಿಗೆ ಕಟ್ಟಿದ ಗುಂಡಿಗೆ ಹಾಕ್ತಾರ.

ವಿದ್ಯಾನಗರ ಫಿಜಿಕ್ಸ್
ಇಬ್ಬರ ಮಾತೂ ಕೂಡಿಸಬಹುದು. ಬಾಯಿಪಾಠ ಮಾಡಲಿ, ಆದರೆ ಸೂತ್ರದ ಜೊತೆ ಅದರ ಶರತ್ತನ್ನೂ ಮಾಡಲಿ. ಗೋಡೆಯ ಮೇಲೆ ಪ್ರತಿ ಸೂತ್ರದ ಮುಂದೆ "ಯಾವಾಗ" ಅಂತ ಒಂದು ಸಣ್ಣ ಚೌಕ ಬಿಡಿಸಿ.

ಓಮ್‌ನ ನಿಯಮಕ್ಕೆ: ತಾಪ ಬದಲಾಗದಿದ್ದಾಗ. 230 ವೋಲ್ಟಿನ 60 ವ್ಯಾಟ್ ಬುರುಡೆ ಬಲ್ಬು ಉರಿಯುವಾಗ ಅದರ ರೋಧ 882 ಓಮ್. ಆರಿಸಿ ತಣ್ಣಗಾದ ಮೇಲೆ ಮಲ್ಟಿಮೀಟರ್ ಇಟ್ಟರೆ ಹತ್ತು-ಹದಿನೈದು ಪಟ್ಟು ಕಡಿಮೆ. ಎರಡೂ ಸರಿ.

ಉಷ್ಣಕ್ಕೆ: ವಿದ್ಯುತ್ ಪ್ರವಾಹ ಒಂದೇ ಇದ್ದರೆ (ಸರಣಿ) ಪ್ರವಾಹದ ವರ್ಗ × ರೋಧ ಹಿಡೀರಿ, ರೋಧ ಜಾಸ್ತಿ ಇದ್ದದ್ದು ಜಾಸ್ತಿ ಕಾಯುತ್ತೆ. ವಿಭವಾಂತರ ಒಂದೇ ಇದ್ದರೆ (ಸಮಾಂತರ) ವೋಲ್ಟಿನ ವರ್ಗ ÷ ರೋಧ ಹಿಡೀರಿ, ರೋಧ ಕಡಿಮೆ ಇದ್ದದ್ದು ಜಾಸ್ತಿ ಕಾಯುತ್ತೆ. 40 ಮತ್ತು 100 ವ್ಯಾಟಿನ ಬುರುಡೆ ಬಲ್ಬುಗಳನ್ನ ಸರಣಿಯಲ್ಲಿ ಹಾಕಿದರೆ 40ರದೇ ಜೋರು ಬೆಳಗುತ್ತೆ. ಹತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಇದನ್ನ ಒಮ್ಮೆ ಹಚ್ಚಿ ತೋರಿಸಿದರೆ ಮರೆಯೋದಿಲ್ಲ.

ದರ್ಪಣ, ಮಸೂರಕ್ಕೆ: ಚಿಹ್ನೆ. ಇದರಲ್ಲೇ ಜಾಸ್ತಿ ತಪ್ಪು. ಒಂದೇ ಅಂಕಿಗಳಿಂದ ಎರಡನ್ನೂ ಮಾಡಿಸಿ. ವಸ್ತು ದೂರ −20, ನಿಮ್ನ ದರ್ಪಣದ ಸಂಗಮ ದೂರ −15. ದರ್ಪಣದಲ್ಲಿ ವ್ಯುತ್ಕ್ರಮಗಳ ಮೊತ್ತ, ಅಂದರೆ 1/ಪ್ರತಿಬಿಂಬ = −1/15 + 1/20 = −1/60. ಪ್ರತಿಬಿಂಬ −60, ವರ್ಧನೆ = −(−60)/(−20) = −3. ಈಗ ಪೀನ ಮಸೂರ, ಸಂಗಮ ದೂರ +15. ಮಸೂರದಲ್ಲಿ ವ್ಯತ್ಯಾಸ, ಅಂದರೆ 1/ಪ್ರತಿಬಿಂಬ = 1/15 − 1/20 = 1/60. ಪ್ರತಿಬಿಂಬ +60, ವರ್ಧನೆ = 60/(−20) = −3. ಎರಡರಲ್ಲೂ ತಲೆಕೆಳಗಾದ ಮೂರು ಪಟ್ಟು ಪ್ರತಿಬಿಂಬ, ಸೂತ್ರದ ಚಿಹ್ನೆ ಮಾತ್ರ ಬೇರೆ. ಗೊತ್ತಿರೋ ಬೆಲೆಗೆ ಮಾತ್ರ ಚಿಹ್ನೆ ಕೊಡಬೇಕು. ಕಂಡುಹಿಡಿಯಬೇಕಾದ್ದಕ್ಕೆ ಮೊದಲೇ ಮೈನಸ್ ಹಾಕಿದರೆ ಉತ್ತರ ಉಲ್ಟಾ.

ಗದಗ ಗಾಳಿ
ಆಯಾಮ ತಾಳೆ ನೋಡೋದನ್ನ ಕಲಿಸಿದ್ರ ಅರ್ಧ ಬಾಯಿಪಾಠ ಬ್ಯಾಡ. ಮರತ್ರೂ ಹುಡುಗ ಕಟ್ಟಿಕೋತಾನ.

ಉಣಕಲ್ ದಂಡಿ
ತಪ್ಪನ್ನ ಹಿಡಿಯೋಕೆ ಅದು ಒಳ್ಳೇದು, ಸರಿ ಅಂತ ಹೇಳೋಕೆ ಸಾಲದು. ದೂರ = ಯುಟಿ + ಎಟಿ² (ಯು ಮೊದಲಿನ ವೇಗ, ಎ ವೇಗೋತ್ಕರ್ಷ, ಟಿ ಹೊತ್ತು) ಅಂತ ಬರೆದರೂ ಆಯಾಮ ಸರಿಯಾಗೇ ಇರುತ್ತೆ, ½ ಕಾಣೆಯಾದದ್ದು ಗೊತ್ತಾಗೋದೇ ಇಲ್ಲ. ಲೋಲಕದ 2×ಪೈ ಕೂಡ ಹಾಗೇ. ಸಂಖ್ಯೆಗಳನ್ನ ನೆನಪಿಟ್ಟುಕೊಳ್ಳಲೇಬೇಕು.

ಬ್ಯಾಡಗಿ
ಎಚ್‌ಪಿ, ಯೂನಿಟ್ ಎರಡೂ ಹಾಕ್ರಿ, ರೈತರ ಮಕ್ಕಳಿಗೆ ಉಪಯೋಗ. 1 ಎಚ್‌ಪಿ 746 ವ್ಯಾಟ್, ಒಂದು ಯೂನಿಟ್ 3.6×10⁶ ಜೂಲ್. 5 ಎಚ್‌ಪಿ ಪಂಪ್‌ಸೆಟ್ 7 ತಾಸು ಓಡಿದ್ರ 26 ಯೂನಿಟ್.

ಲ್ಯಾಬ್ ಕೋಣಿ
26 ಅಲ್ಲ ಅಣ್ಣಾರ. ಮೋಟರಿನ ಮ್ಯಾಲ ಬರೆದ ಎಚ್‌ಪಿ ಶಾಫ್ಟಿನಾಗ ಸಿಗೋ ಶಕ್ತಿ. ದಕ್ಷತೆ ಶೇ. 80 ಅಂದ್ರ ಪೂರ್ತಿ ಭಾರದಾಗ ಮೀಟರ್ 32-33 ಯೂನಿಟ್ ತೋರಸತೈತಿ.

ಹಾನಗಲ್ ಪಿಯು
ಮ್ಯೂ ನಾಟ್ (ನಿರ್ವಾತದ ಕಾಂತೀಯ ಸ್ಥಿರಾಂಕ) 4×ಪೈ×10⁻⁷ ನಿಖರ ಅಂತ ಹಳೇ ಪುಸ್ತಕದಾಗ ಐತಿ. ಮ್ಯಾಲ ಎರಡನೇ ಕಾಲಮ್ಮಿಗೆ ಅದು ಬಂದಿಲ್ಲ.

ಉಣಕಲ್ ದಂಡಿ
ಎರಡನೇ ಕಾಲಂಗೇ ಸೇರಬೇಕು. 2019ರವರೆಗೆ ಆಂಪಿಯರ್‌ನ ವ್ಯಾಖ್ಯೆಯಿಂದಾಗಿ ಅದು ನಿಖರ ಇತ್ತು. ಈಗ ವಿದ್ಯುದಂಶವನ್ನ ನಿಗದಿ ಮಾಡಿರೋದರಿಂದ ಮ್ಯೂ ನಾಟ್ ಅಳತೆಯ ಪಾಲಿಗೆ ಬಂತು. ಲೆಕ್ಕಕ್ಕೆ ಏನೂ ಫರಕಿಲ್ಲ, ಒಂಬತ್ತು ಅಂಕಿವರೆಗೆ ಹಳೇ ಬೆಲೆಯೇ ಹೊಂದುತ್ತೆ. ಕೂಲಂಬ್ ನಿಯಮದ 9×10⁹ ಕೂಡ 8.988×10⁹ರ ಮೊಟಕು, ತಪ್ಪು ಶೇ. 0.14.

ಲ್ಯಾಬ್ ಕೋಣಿ
ಮಾಸ್ತರ್ರ, ಪೇಂಟರ್ ಬಂದಾಗ ಬಾಜೂಕ ನಿಂದರ್ರಿ. 10⁻³⁴ನ್ನ 10-34 ಅಂತ ಒಂದ ಸಾಲಿನಾಗ ಬರೀತಾರ, ಮೈನಸ್ ಬಿಟ್ಟೂ ಬಿಡ್ತಾರ. ಘಾತ ಅರ್ಧ ಅಳತಿಯೊಳಗ, ಮ್ಯಾಲ, ಕೆಂಪು ಬಣ್ಣದಾಗ ಬರೆಸ್ರಿ. ಕೆಲ್ವಿನ್‌ಗೆ ಡಿಗ್ರಿ ಸೊನ್ನಿ ಹಾಕಿಸಬ್ಯಾಡ್ರಿ. ಮೊದಲು ಸೀಮೆಸುಣ್ಣದಾಗ ಬರೆದು ಕೊಟ್ಟು, ಅದರ ಮ್ಯಾಲ ಬಣ್ಣ ಹಚ್ಚಿಸ್ರಿ.

ಮಾಳಮಡ್ಡಿ ಮಾಸ್ತರ
ಹಂಗ ಮಾಡ್ತೇನ್ರಿ. ಒಂದು ಉಳೀತು. ಶಬ್ದದ ವೇಗ 349 ಅಂತ ಬರೆಸಿದ್ರ, ಅನುರಣನ ನಳಿಗಿಯ ಪ್ರಯೋಗದಾಗ ಅದ ಬರ್ತದೇನು? 512 ಹರ್ಟ್ಜ್‌ನ ಶ್ರುತಿ ಫೋರ್ಕ್ ಇಟ್ಟು ಮೊದಲನೇ ಉದ್ದದಿಂದ ತಗದ್ರ 324 ಬರ್ತದ.

ಲ್ಯಾಬ್ ಕೋಣಿ
324 ಅಂದ್ರ ಬಾಯಿಯ ತಿದ್ದುಪಡಿ ಬಿಟ್ಟಾರ. 30 ಡಿಗ್ರಿಗೆ 512ರ ತರಂಗದೂರ 68.2 ಸೆಂಮೀ, ಕಾಲುಭಾಗ 17. ಆದ್ರ ಅಲೆ ನಳಿಗಿಯ ಬಾಯಿಗಿಂತ ತುಸು ಹೊರಗ ಮುಗೀತೈತಿ, ವ್ಯಾಸದ 0.3 ಪಟ್ಟು. 4 ಸೆಂಮೀ ನಳಿಗಿಗೆ 1.2. ಹಂಗಾಗಿ ನೀರಿನ ಮಟ್ಟ 15.8ಕ್ಕ ಸಿಗತೈತಿ. ಅದನ್ನ ನಾಕರಿಂದ ಗುಣಿಸಿದ್ರ ನಿಮ್ಮ 324ನ ಬರೋದು.

ಎರಡನೇ ಅನುರಣನನೂ ಹಿಡೀರಿ, 49.9ರ ಹತ್ತಿರ ಸಿಗತೈತಿ. ಎರಡರ ವ್ಯತ್ಯಾಸ 34.1, ಅದು ಅರ್ಧ ತರಂಗದೂರ, ತಿದ್ದುಪಡಿ ತಾನ ಹೊಡೆದು ಹೋತು. 2 × 512 × 0.341 ಮಾಡ್ರಿ, 349. ನಳಿಗಿಯೊಳಗಿನ ತಾಪ ಓದಿ ಬಾಜೂಕ ಬರೆಸ್ರಿ, ಹೊರಗಿನದಲ್ಲ.

ಹಾನಗಲ್ ಪಿಯು
ಎರಡನೇದು ನಮಗ ಸರಿಯಾಗಿ ಕೇಳಸಂಗಿಲ್ರಿ.

ಲ್ಯಾಬ್ ಕೋಣಿ
ಫೋರ್ಕನ್ನ ಬೆಂಚಿನ ಅಂಚಿಗೆ ಬಡೀತಿದ್ರ ಬಿಡ್ರಿ. ಮ್ಯಾಲಿನ ಸ್ವರ ಎದ್ದು ಕಲಸಿಬಿಡತೈತಿ, ಫೋರ್ಕಿಗೂ ಪೆಟ್ಟು. ರಬ್ಬರ್ ಪ್ಯಾಡಿಗೆ ಮೆತ್ತಗ ಹೊಡೆದು, ಎರಡೂ ಕಾಲು ಒಂದರ ಮ್ಯಾಲ ಒಂದು ಬರೋಹಂಗ ಅಡ್ಡ ಹಿಡೀರಿ. ಬಾಯಿಗೆ ತಾಗಿಸಬ್ಯಾಡ್ರಿ, ಒಂದು ಸೆಂಮೀ ಮ್ಯಾಲ ಇರಲಿ. ನೀರನ್ನ 45ರಿಂದ 55ರತನಕ ನಿಧಾನಕ ಇಳಸ್ರಿ, ಮತ್ತ ಏರಸ್ರಿ. ಎರಡೂ ಸಲ ಸಿಕ್ಕಿದ್ದರ ಸರಾಸರಿ ತಗೊಳ್ರಿ. ಫ್ಯಾನ್ ಬಂದ್ ಇರಲಿ.